ಕೈ ತೊಳಸೂ ಸಿಸ್ಟರಬಾಯಿ

ಮುಚ್ಚಂಡಿ ಊರ ಮಂದಿ ಸೋನಾಲಿಗಿ ಒಂದು ಹೆಸರು ಇಟ್ಟಾರ, ಕೈ ತೊಳಸೂ ಸಿಸ್ಟರಬಾಯಿ ಅಂತ. ಎದುರಿಗಿ ಯಾರೂ ಅನ್ನೂದಿಲ್ಲ, ಬೆನ್ನಹಿಂದ ಅಂತಾರ. ಬೆನ್ನಹಿಂದ ಅಂದದ್ದು ಕಿವಿಗಿ ಬೀಳದ ಎಲ್ಲಿಗಿ ಹೋದೀತು? ಶುಗರ ತಪಾಸಣಿ ಅಂದರ ಬೆರಳಿಗಿ ಸೂಜಿ ಚುಚ್ಚಿ ಒಂದು ಹನಿ ರಗತ ಮಷೀನಿಗಿ ಹಚ್ಚೂ ಕೆಲಸ, ಒಂದು ನಿಮಿಷದ್ದು. ಬ್ಯಾರೆ ಸಿಸ್ಟರಗೋಳು ಅಳ್ಳಿಗಿ ಸ್ಪಿರಿಟ್ ಹಚ್ಚಿ ಬೆರಳು ಒರಸತಾರ, ಚುಚ್ಚತಾರ, ಕಳಸತಾರ. ಇಕಿ ಹಂಗಲ್ಲ. ಬಾಗಲದಾಗ ಒಂದು ಬಕೀಟು ನೀರು, ಒಂದು ತಂಬಿಗಿ, ಒಂದು ಸಾಬಾಣ ಇಟ್ಟು, ಸರಪಂಚನಿಂದ ಹಿಡದು ಕುರಿ ಕಾಯೂ ಮುದುಕನ ತನಕ ಎಲ್ಲಾರ ಕೈ ತಿಕ್ಕಿ ತೊಳಿಸಿದ ಮ್ಯಾಲೇ ಒಳಗ ಬಿಡತಾಳ. ಹೋದ ತಿಂಗಳ ಕಿರಾಣಿ ಅಂಗಡಿ ಗೊಲ್ಲಾಳಪ್ಪ, ಇಷ್ಟು ಕೈ ತೊಳಿಸಿದ ಮ್ಯಾಲ ಎಲಿ ಹಾಕಿ ಊಟಕ್ಕ ಬಡಸರಿ ಬಾಯಾರ ಅಂದಿದ್ದ. ಕುಂತ ಮಂದಿ ನಕ್ಕಿದ್ದರು, ಇಕಿನೂ ನಕ್ಕಿದ್ದಳು. ನಕ್ಕು ಮತ್ತ ತಂಬಿಗಿ ಅವನ ಕೈಯಾಗ ಕೊಟ್ಟಿದ್ದಳು.

ಆ ಶನಿವಾರ ಕುಣಿಕೋಣೂರಿಂದ ಎಂಟರ ಎಸ್.ಟಿ. ಬಸ್ಸು ಹಿಡದು ಅಕಿ ತಪಾಸಣಿಗಂತ ಮುಚ್ಚಂಡಿ ಸಾಲಿಗಿ ಬಂದು ಇಳದಾಗ ಚೀಲದಾಗ ಮಷೀನು, ಸೂಜಿ ಡಬ್ಬಿ, ರೋಗಿಗಳ ಕೇಸಪೇಪರಿನ ಗಂಟು, ಅದರ ತಳದಾಗ ಮೊಬೈಲು. ಮೊಬೈಲಿನಾಗ ಎರಡು ಮೆಸೇಜು. ಎರಡೂ ಕೀನ್ಯಾ ದೇಶದಿಂದ ಬಂದದ್ದು. ಅಲ್ಲಿ ಬಡಗಣ ಬಯಲಾಗಿನ ಒಂದು ಸಣ್ಣ ದವಾಖಾನಿಯೊಳಗ ಸೋನಾಲಿ ಎರಡು ವರ್ಷದ ಹಿಂದ ಎಂಟು ತಿಂಗಳ ಪಗಾರ ಇಲ್ಲದ ಸೇವಾ ಮಾಡಿ ಬಂದಿದ್ದಳು. ಮೊದಲಿನ ಮೆಸೇಜು ಆ ದವಾಖಾನಿಯ ಡಾಕ್ಟರು ಮ್ವಾಂಗಿ ಅವರದು, ಮೂರು ದಿನದ ಹಿಂದಿಂದು. ಮಂದಿ ನಿನ್ನ ಇನ್ನೂ ನೆನಸತಾರ, ಈ ಸಲ ಒಂದು ವರ್ಷಕ್ಕ ಬರತಿಯೇನು, ಸೋಮವಾರದೊಳಗ ತಿಳಸು, ನೀ ಇದ್ದ ಖೋಲಿ ಹಂಗೇ ಖಾಲಿ ಐತಿ ಅಂತ ಬರದಿದ್ದರು. ಎರಡನೇದು ನಿನ್ನಿ ಸಂಜಿದು, ಅಕಾಯಿದು. ಅಕಾಯಿ ಅಂದರ ಅದೇ ದವಾಖಾನಿಯಾಗ ಸೋನಾಲಿ ಸಂಗಾಟ ಕೆಲಸ ಮಾಡಿದ ಹುಡಿಗಿ. ನರ್ಸಿಂಗ ಸಾಲಿಗಿ ಅರ್ಜಿ ಹಾಕೀನಿ, ನಾಳಿ ಸಂಜಿಗಿ ಅದರ ಮುದತು ಮುಗೀತದ, ದವಾಖಾನಿ ಬುಕ್ಕಿನಾಗ ನನ್ನ ಹೆಸರಿನ ಮುಂದ ಅದೊಂದು ಸಾಲು ಐತೆಲ್ಲ, ಅದಕ್ಕ ಡಾಕ್ಟರು ಚಲೋ ಮಾತು ಬರದು ಕೊಡಾಕ ಒಲ್ಲರು. ನೀನು ಅವತ್ತ ಅಲ್ಲೇ ಇದ್ದಿ. ನನ್ನ ಕೈ ಕೆಟ್ಟವಲ್ಲ ಅಂತ ನಾಕು ಸಾಲು ಅವರಿಗಿ ಬರದು ಕಳಸು, ಅಂತ ಕೇಳಿದ್ದಳು. ಅದರ ಕೆಳಗ ಒಂದು ನಗೂ ಮಾರಿಯ ಚಿತ್ರ ಹಾಕಿದ್ದಳು.

ನೀ ಇದ್ದ ಖೋಲಿ. ಈ ಮೂರು ಶಬ್ದ ಸೋನಾಲಿ ಮೂರು ದಿನದಾಗ ಎಷ್ಟು ಸಲ ಓದಿದ್ದಳೋ ಅಕಿಗೇ ಗೊತ್ತಿಲ್ಲ. ತಗಡಿನ ಮಾಳಗಿ, ಕಬ್ಬಿಣದ ಮಂಚ, ಕಿಡಕಿ ತಗದರ ಒಣಗಿದ ದೊಡ್ಡ ಹಳ್ಳ. ಮುಂಜಾನಿ ಆ ಹಳ್ಳದ ಉಸುಕಿನಾಗ ಹೆಣ್ಣಮಕ್ಕಳು ವರತಿ ತೋಡಿ ಬೊಗಸಿಲೆ ನೀರು ಎತ್ತತಿದ್ದರು, ಸೋನಾಲಿ ಸಣ್ಣಾಕಿದ್ದಾಗ ತನ್ನವ್ವ ಸಂಗವ್ವ ಬ್ಯಾಸಗಿಯೊಳಗ ಎತ್ತತಿದ್ದಂಗ. ಮೊದಲನೇ ದಿನ ಅದನ್ನ ಕಂಡು ಅಕಿ ಕಿಡಕಿ ಹಿಡಕೊಂಡು ಅತ್ತಿದ್ದಳು. ಸಾವಿರಾರು ಮೈಲಿ ವಿಮಾನದಾಗ ಕುಂತು ಬಂದು ಮತ್ತ ತನ್ನ ಮನಿ ಹಿತ್ತಲಕ್ಕೇ ಬಂದು ಇಳದಂಗ ಆಗಿತ್ತು. ಅಲ್ಲಿನೂ ಆಡು, ಕುರಿ, ಗಂಟಿ ಸಪ್ಪಳ, ಬಿಸಲು, ಕೋಲು ಹೆಗಲ ಮ್ಯಾಲ ಅಡ್ಡ ಇಟ್ಟು ಅದರ ಮ್ಯಾಲ ಎರಡೂ ಕೈ ಹಾಕಿ ನಡಿಯೂ ಗಂಡಸರು. ಆದರ ಒಂದು ಇರಲಿಲ್ಲ. ಗಂಡನ ಮನಿಯಿಂದ ತಿರಗಿ ಬಂದಾಕಿ ಅನ್ನೂ ಮಾತು ಅಲ್ಲಿಯ ಯಾರ ಬಾಯಾಗೂ ಇರಲಿಲ್ಲ. ಇಲ್ಲಿ ಎಸ್.ಟಿ.ಯಾಗ ಬಾಜೂಕ ಕುಂತ ಮುದುಕಿ ಸೈತ ಎರಡನೇ ಸ್ಟಾಪು ಬರೂದ್ರೊಳಗ ಆ ಮಾತಿಗೇ ಬಂದು ಮುಟ್ಟತಾಳ. ಅಲ್ಲಿ ಅಕಾಯಿ ಕೇಳಿದ್ದು ಒಂದೇ, ನಿನಗ ಹಾಡು ಬರತಾವೇನು ಅಂತ. ಸೋನಾಲಿ ಡೊಳ್ಳಿನ ಪದ ಅಂದಳು. ಅಕಾಯಿ ಗಂಗಾಳ ಬಡದು ತಾಳ ಹಾಕಿದಳು. ಆಮ್ಯಾಲ ಎಂಟು ತಿಂಗಳ ಇಬ್ಬರೂ ಒಂದೇ ಗಂಗಾಳದಾಗ ಉಂಡರು. ಸೋನಾಲಿಗಿ ಬೇಕಾಗಿದ್ದು ಆ ದೇಶ ಅಲ್ಲ, ಸೇವಾನೂ ಅಲ್ಲ, ಖರೇ ಹೇಳಬೇಕಂದರ ಆ ಗಂಗಾಳದ ಎದುರು ಕುಂದ್ರೂ ತನ್ನ ಜಾಗಾ ಬೇಕಾಗಿತ್ತು. ಅದರ ಬಯಕಿಗಿ ಕೆಲವು ಸಲ ಎದಿ ನೋಯತಿತ್ತು, ಕೈಲೆ ಒತ್ತಿ ಹಿಡಕೊಳ್ಳೂವಷ್ಟು.

ಹತ್ತೂವರಿ ಆಗೂದ್ರೊಳಗ ಸಾಲಿ ಕಟ್ಟಿ ತುಂಬಿತು. ಸೋನಾಲಿಯ ಕೈಕೆಳಗ ದಾಕ್ಷಾಯಣಿ ಇದ್ದಳು, ಆ ಊರ ಆಶಾ ತಾಯಿ; ಮನಿ ಮನಿ ತಿರಗಿ ಬಸರಿ ಬಾಣಂತಿ ಬರಕೊಳ್ಳೂ ಕೆಲಸ ಅಕಿದು, ಈ ತಿಂಗಳಿಂದ ಸೂಜಿ ಚುಚ್ಚೂದೂ ಕಲೀಲಿಕ್ಕ ಹತ್ತಿದ್ದಳು. ಮೂವತ್ತು ಮಂದಿ ಆದ ಮ್ಯಾಲ ಸೋನಾಲಿ ಅಕಿಗಿ, ಒಂದೀಟು ನೋಡಕೋರಿ ಅಕ್ಕಾರ ಅಂತಂದು ಮೊಬೈಲು ತಗೊಂಡು ಸಾಲಿ ಹಿಂದಿನ ಬೇವಿನ ಗಿಡದ ನೆಳ್ಳಿಗಿ ಹೋದಳು. ಪತ್ರ ಬರೀಬೇಕು. ನಾಕು ಸಾಲಿನ ಪತ್ರಕ್ಕ ಏನು ದೊಡ್ಡ ವಿದ್ಯಾ ಬೇಕು? ಅಕಾಯಿ ಭಾಳ ಹುಷಾರು ಹುಡಿಗಿ, ಕೆಲಸದೊಳಗ ಶಿಸ್ತು, ಮಂದಿ ಮ್ಯಾಲ ಮಾಯಾ. ಇಷ್ಟು ಬರದಳು. ಎಲ್ಲಾ ಖರೇನೇ, ಒಂದು ಅಕ್ಷರ ಸುಳ್ಳಿಲ್ಲ. ಆದರೂ ಓದಿದರ ಮದವಿ ಹೆಣ್ಣಿನ ಸುದ್ದಿ ಹೇಳೂ ಹಿರ್ಯಾರ ಮಾತಿನಂಗಿತ್ತು, ಬುಕ್ಕಿನಾಗಿನ ಆ ಒಂದು ಸಾಲನ್ನ ಅದು ಮುಟ್ಟತಿರಲಿಲ್ಲ. ಮುಟ್ಟೂ ಮಾತು ಬ್ಯಾರೆ ಇತ್ತು. ಅದನ್ನ ಬರದರ ಖೋಲಿ ಹೋಗತಿತ್ತು, ಗಂಗಾಳ ಹೋಗತಿತ್ತು, ಅಕಾಯಿನೇ ಹೋಗತಿದ್ದಳು. ಅಕಿ ಬರದದ್ದನ್ನ ಅಳಿಸಿದಳು, ಮತ್ತ ಅದನ್ನೇ ಬರದಳು. ಅಷ್ಟರಾಗ ದಾಕ್ಷಾಯಣಿ ಕಟ್ಟಿ ಮ್ಯಾಲಿಂದ ಕೂಗಿದಳು.

ಕೂಗಿದ್ದು ಅಮೋಘಸಿದ್ದಪ್ಪ ಅನ್ನೂ ಮುದುಕನ ಸಲುವಾಗಿ. ಎಪ್ಪತ್ತು ದಾಟಿದ ಕುರುಬರ ಮುದುಕ, ಉಮದಿ ಕಡಿಂದ ಬೀಗರ ಮನಿಗಿ ಬಂದಾಂವ, ತಪಾಸಣಿ ಐತಿ ಅಂತ ತಿಳದು ಬಿಸಲಾಗ ನಡಕೊಂತ ಬಂದಿದ್ದ. ಬಕೀಟಿನ ನೀರು ತೀರಿತ್ತು. ಮುದುಕ ಪಾಪ ದಣದಾನ, ಯಾಕ ನಿಲ್ಲಸೂದು ಅಂತ ದಾಕ್ಷಾಯಣಿ ಸ್ಪಿರಿಟಿಲೆ ಬೆರಳು ಒರಸಿ ಚುಚ್ಚಿದ್ದಳು. ಮಷೀನು ನಾಕನೂರಾ ಹನ್ನೆರಡು ಅಂತ ತೋರಿಸಿತ್ತು. ಅಕಿ ಗಾಬರಿಯಾಗಿ, ಜತ್ತಿನ ದೊಡ್ಡ ದವಾಖಾನಿಗಿ ಗಾಡಿ ಮಾಡಿ ಕಳಸೋಣೇನ್ರಿ, ಇಂಜಕ್ಷನ ಕೊಡಸಬೇಕಾಗತದ ಅಂತ ಒಂದೇ ಉಸರಿನಾಗ ಕೇಳಾಕ ಹತ್ತಿದಳು. ಮುದುಕ ಮಾತ್ರ ಕಂಬಕ್ಕ ಆನಿ ಕುಂತು ಆರಾಮ ಮಂದಿ ನೋಡತಿದ್ದ. ಸೋನಾಲಿ ಅವನ ಎದುರಿಗಿ ಕುಕ್ಕರಗಾಲಿಲೆ ಕುಂತು ಅಂಗೈ ತಗದು ನೋಡಿದಳು. ಮೂಸಿ ನೋಡಿದಳು. ಆಮ್ಯಾಲ ಭಾಳ ಸಾವಕಾಶ, ಮುತ್ತ್ಯಾ, ದಾರಿಯಾಗ ಯಾರ ಮನಿಗಿ ಹೋಗಿದ್ದಿ ಅಂತ ಕೇಳಿದಳು.

ಎಲ್ಲಿಗೂ ಇಲ್ಲ ಅಂದ ಮುದುಕ. ಸೋಮನಿಂಗಪ್ಪನ ಮನಿ ಮುಂದ ಹಾಯ್ದು ಬಂದೆ, ಬಿಸಲಾಗ ಬಂದಿ ಅಂತ ಸೊಸಿ ಬೆಲ್ಲ ನೀರು ಕೊಟ್ಟಳು, ಅಷ್ಟೇ. ಬೆಲ್ಲ ಕೈಯಾಗ ಹಿಡಕೊಂಡು ಕಡಕೊಂತ ಬಂದೆ. ಅದಕ್ಕೇನಾತವ್ವ? ಏನೂ ಆಗಿಲ್ಲ ಅಂದಳು ಸೋನಾಲಿ. ಸಾಲಿ ಬಿಸಿಯೂಟದ ಹಂಡೇದಿಂದ ಒಂದು ತಂಬಿಗಿ ನೀರು ತಂದಳು, ತಾನೇ ಅವನ ಕೈ ಹಿಡದು ಒಂದೊಂದು ಬೆರಳು ಸಾಬಾಣ ಹಚ್ಚಿ ತೊಳದಳು, ತನ್ನ ಸೆರಗಿಲೆ ಒರಸಿದಳು. ಬ್ಯಾರೆ ಬೆರಳಿಗಿ ಚುಚ್ಚಿದಳು. ನೂರಾ ಇಪ್ಪತ್ತೊಂದು ಅಂತು ಮಷೀನು. ಶುಗರೂ ಇಲ್ಲ ಮಣ್ಣೂ ಇಲ್ಲ, ಮುದುಕ ಕಲ್ಲು ಗುಂಡಿನಂಗಿದ್ದ.

ಬೆಲ್ಲದ ಅಂಟು ಬೆರಳ ಮ್ಯಾಲ ಇದ್ದರ ಆ ಹನಿಯೊಳಗ ಕೂಡತದ, ಮಷೀನಿಗಿ ಅದು ರಗತದ ಸಕ್ಕರಿ ಅನಸತದ, ಸ್ಪಿರಿಟಿಲೆ ಒರಸಿದರ ಪೂರಾ ಹೋಗೂದಿಲ್ಲ, ನೀರಾಗೇ ತೊಳೀಬೇಕು ಅಂತ ಸೋನಾಲಿ ಎಲ್ಲಾರಿಗೂ ಕೇಳೂವಂಗ ಹೇಳಿದಳು. ಇನ್ನ ಮ್ಯಾಲ ಸಿಸ್ಟರಬಾಯಾರಿಗಿ ನಗಬ್ಯಾಡ್ರಿ ಅಂತ ಯಾರೋ ಅಂದರು. ಇಷ್ಟು ಶಾಣ್ಯಾತನ ಎಲ್ಲಿ ಕಲತರಿ, ಪರದೇಶದಾಗೇನು ಅಂತ ಇನ್ನೊಬ್ಬರು ಕೇಳಿದರು. ಹೂಂ, ಅಲ್ಲೇ ಅಂದಳು. ಅಷ್ಟು ಹೊಗಳಿಕಿ ಅಕಿ ಮೈಗಿ ತುರಚಿ ಸೊಪ್ಪು ಸವರಿದಂಗ ಆತು. ಮಂದಿ ತಿರಗಿ ತಮ್ಮ ತಮ್ಮ ಮಾತಿಗಿ ಹತ್ತಿದ ಮ್ಯಾಲ ದಾಕ್ಷಾಯಣಿ ಅಕಿ ರಟ್ಟಿ ಹಿಡಕೊಂಡು, ಸಣ್ಣ ದನಿಯಾಗ ಒಂದು ಮಾತು ಅಂದಳು.

“ನೀವು ಇರದಿದ್ದರ ಮುದುಕ ನೆಲಾ ಹಿಡೀತಿದ್ದ, ಬಾಯಾರ. ನಾ ಸಾಯೂತನಕ ನನ್ನ ಕೈನೇ ಪಾಪದ್ದು ಅನಕೋತಿದ್ದೆ.”

ಸೋನಾಲಿ ಕೇಸಪೇಪರ ಜೋಡಸೂ ನೆವಾ ಮಾಡಿ ತೆಳಗ ಮಾರಿ ಹಾಕಿದಳು. ಅಲ್ಲಿ ಕೀನ್ಯಾದಾಗ ಎಬೈ ಅನ್ನೂ ಮುದುಕನೂ ಅವತ್ತ ಹಿಂಗೇ ಕಂಬಕ್ಕ ಆನಿ ಕುಂತಿದ್ದ. ಇಲ್ಲ, ಕಂಬಕ್ಕಲ್ಲ, ಅಲ್ಲಿಯ ಹಿರ್ಯಾರು ಎಲ್ಲಿಗಿ ಹೋದರೂ ಕುಂದ್ರಾಕ ಅಂಗೈಯಷ್ಟು ಒಂದು ಕಟ್ಟಿಗಿ ಮಣಿ ಸಂಗಾಟ ಒಯ್ಯತಾರ, ಎಬೈ ಅದರ ಮ್ಯಾಲ ಕುಂತು ದವಾಖಾನಿ ಪಡಸಾಲಿಯಾಗ ಕಾಲು ನೀಡಿದ್ದ. ಒಂಬತ್ತು ತಾಸು ನಡದು ಬಂದಿದ್ದ. ಪಡಸಾಲಿಯಾಗ ಒಂದು ಮಣ್ಣಿನ ಹರವಿ ನೀರು, ಅದರ ಬಾಜೂಕ ಡಬ್ಬಿ ತುಂಬ ಬೆಲ್ಲ. ಅದು ಸೋನಾಲಿಯ ಪದ್ಧತಿ. ಬಿಸಲಾಗಿಂದ ಬಂದವರಿಗಿ ಬೆಲ್ಲ ನೀರು ಕೊಡೂ ತನಕ ಯಾಕ ಬಂದಿ ಅಂತ ಕೇಳಬಾರದು ಅಂತ ಸಂಗವ್ವ ಮಗಳಿಗಿ ಬುದ್ಧಿ ಬಂದಾಗಿಂದ ಹೇಳಿದ್ದಳು, ಹೊಂಟಾಗ ಎರಡು ಪೆಂಟಿ ಬೆಲ್ಲ ಸೀರಿ ತುಂಡಿನಾಗ ಕಟ್ಟಿ ಕೊಟ್ಟಿದ್ದಳು. ಅದು ತೀರಿದ ಮ್ಯಾಲ ಅಲ್ಲಿಯ ಪ್ಯಾಟಿಯಾಗೂ ಬೆಲ್ಲ ಸಿಗತದ ಅಂತ ಅಕಾಯಿ ತಂದು ಕೊಡತಿದ್ದಳು. ಹಂಗಾಗಿ ಬಯಲಿನ ಮಂದಿಯೆಲ್ಲಾ ಸೋನಾಲಿಗಿ ಸೀ ಕೊಡಾಕಿ ಅಂತಿದ್ದರು. ಎಬೈ ಬೆಲ್ಲ ಒಮ್ಮೆಲೇ ತಿನ್ನಲಿಲ್ಲ. ಅಂಗೈಯಾಗ ಹಿಡದು, ನೋಡಿ ನೋಡಿ, ಸಣ್ಣ ಕೂಸಿನಂಗ ನೆಕ್ಕಿ ತಿಂದ. ಸೋನಾಲಿ ಅದನ್ನ ನೋಡಿ ನಕ್ಕು ಒಳಗ ಹೆರಿಗಿ ಮಾಡಸಾಕ ಹೋದಳು. ಅಕಾಯಿ ಸ್ಪಿರಿಟಿಲೆ ಬೆರಳು ಒರಸಿ ಚುಚ್ಚಿದಳು, ಹ್ಯಾಂಗ ಕಲಿಸಿದ್ದರೋ ಹಂಗ. ನಾಕನೂರಾ ಮೂವತ್ತು ಬಂತು. ಡಾಕ್ಟರು ಮ್ವಾಂಗಿ ಅವತ್ತ ಬ್ಯಾರೆ ಊರಾಗಿದ್ದರು, ಫೋನಿನಾಗ ಶುಗರ ಇಳಸೂ ಇಂಜಕ್ಷನ ಇಷ್ಟು ಕೊಡು ಅಂದರು. ಅಕಾಯಿ ಅಷ್ಟೇ ಕೊಟ್ಟಳು, ಸಿರಿಂಜಿನ ಒಂದು ಗೆರಿ ಹೆಚ್ಚಿಲ್ಲ, ಒಂದು ಗೆರಿ ಕಡಿಮಿ ಇಲ್ಲ.

ಇಳೂ ಹೊತ್ತಿನಾಗ ಮುದುಕ ಬೆವತು ಒದ್ದಿ ಆಗಿ, ತಾನು ಕುಂತ ಮಣಿ ಮ್ಯಾಲಿಂದ ಬಾಜೂಕ ಉಳ್ಳಿದ. ಮಲಗ್ಯಾನ ಅಂತ ತಿಳದ ಮಂದಿ ಭಾಳ ಹೊತ್ತು ಎಬ್ಬಿಸಿರಲಿಲ್ಲ. ಸೋನಾಲಿ ಓಡಿ ಬಂದು ಸಕ್ಕರಿ ಸಲಾಯಿನ್ ಹಚ್ಚಿದಳು, ಜೀವಾ ಉಳೀತು. ಜೀವಾ ಏನೋ ಉಳೀತು, ಅಷ್ಟು ಹೊತ್ತು ಶುಗರ ತಳಾ ಹಿಡದದ್ದಕ್ಕ ತಲಿಗಿ ಪೆಟ್ಟು ಬಿದ್ದಿತ್ತು. ಮೂರನೇ ದಿನ ಕಣ್ಣು ತಗದ ಮುದುಕನ ಎದುರು ಅವನ ಆಡು ತಂದು ನಿಲ್ಲಿಸಿದರ ಅಂವಗ ಯಾವ ಆಡು ಯಾವದು ಅಂತ ಗುರತು ಹತ್ತಲಿಲ್ಲ. ಸೋನಾಲಿಯ ಅಪ್ಪ ಶಿದ್ರಾಯ ಮುನ್ನೂರು ಕುರಿಯೊಳಗ ಒಂದು ಕಡಿಮಿ ಆದರ ಎಣಿಸದೇ ಹೇಳಾಂವ, ಮಾರಿ ನೋಡಿ ಹೇಳಾಂವ. ಎಬೈಯೂ ಹಂಥಾಂವೇ ಇದ್ದನಂತ. ಆಡು ಒಂದೊಂದಾಗಿ ಅವನ ಅಂಗೈ ಮೂಸಿದವು, ಅಂವ ಪರಕೀಯರ ಮನಿ ಆಡು ನೋಡಿದಂಗ ನೋಡಿದ. ಅವನ ಹೆಣ್ತಿ, ಕುತ್ತಿಗಿ ತುಂಬ ಮಣಿಸರ ಹಾಕಿದ ಮುದುಕಿ, ಅಳಲಿಲ್ಲ, ಬಯ್ಯಲಿಲ್ಲ. ಕಟ್ಟಿಗಿ ಮಣಿ ಎತ್ತಿಕೊಂಡು ಗಂಡನ ಕೈ ಹಿಡದು ನಡದಳು. ಡಾಕ್ಟರು ಬಂದು ತಪಾಸ ಮಾಡಿ, ಸಿರಿಂಜಿನಾಗ ಔಷಧ ಹೆಚ್ಚು ಎಳದಾಳ ಅಂತ ಬುಕ್ಕಿನಾಗ ಅಕಾಯಿ ಹೆಸರಿನ ಮುಂದ ಒಂದು ಸಾಲು ಬರದರು. ಮರದಿನದಿಂದ ಅಕಿ ಕೈಯಾಗ ಸೂಜಿ ಇಲ್ಲ, ನೆಲಾ ಒರಸೂ ಅರಬಿ.

ಸೋನಾಲಿಗಿ ಆಗ ಗೊತ್ತಿರಲಿಲ್ಲ. ಇದು ಖರೇ, ದೇವರಾಣಿ ಖರೇ. ಗೊತ್ತಾದದ್ದು ಒಂಬತ್ತು ದಿನದ ಮ್ಯಾಲ, ಒಂದು ಮಧ್ಯಾಹ್ನ. ತಲಿ ತಿರಗಿದಂಗ ಆಗಿ, ಒಂದು ಚೂರು ಬೆಲ್ಲ ಬಾಯಾಗ ಹಾಕೊಂಡು, ಯಾವದೋ ಯೋಚನಿಯಾಗ ತನ್ನ ಬೆರಳು ತಾನೇ ಚುಚ್ಚಿ ನೋಡಿದಳು. ಮುನ್ನೂರಾ ಎಂಬತ್ತು. ಕುಂತಲ್ಲೇ ಕುಂತಳು. ಎದ್ದು ಕೈ ತೊಳಕೊಂಡು ಮತ್ತ ಚುಚ್ಚಿದಳು. ತೊಂಬತ್ತೆರಡು. ಮತ್ತ ಬೆಲ್ಲ ಮುಟ್ಟಿದಳು, ಸ್ಪಿರಿಟಿಲೆ ಒರಸಿದಳು, ಚುಚ್ಚಿದಳು. ಹತ್ತೂ ಬೆರಳಿಗಿ ತೂತು ಬಿದ್ದ ಮ್ಯಾಲ ಮಷೀನು ಗೋಡಿ ಕಡಿ ತಿರವಿ ಇಟ್ಟಳು. ಹೊರಗ ಅಕಾಯಿ ಕುಂಡಿ ಮ್ಯಾಲೆತ್ತಿ ಪಡಸಾಲಿ ಒರಸತಿದ್ದ ಸಪ್ಪಳ ಕೇಳತಿತ್ತು. ಬಾಗಲಾ ತಗದು ಆರು ಹೆಜ್ಜಿ ನಡದರ ಮುಗೀತಿತ್ತು. ನಾಳಿ ಹೇಳೋಣು ಅಂದಳು ತನಗ ತಾನು. ಆ ನಾಳಿಗಿ ಎರಡು ವರ್ಷ ಆತು ನೋಡ್ರಿ.

ಬೆಲ್ಲದ ಡಬ್ಬಿ ಅವತ್ತೇ ಪಡಸಾಲಿಯಿಂದ ಒಳಗ ಹೋತು. ಮಂದಿ ಕೇಳಿದರ, ತೀರೈತಿ ಅಂದಳು. ಸುಳ್ಳು ಹೇಳಿದ್ದು ಅದೊಂದೇ. ಉಳಿದದ್ದಕ್ಕ ಸುಮ್ಮನ ಇದ್ದಳು, ಸುಮ್ಮನ ಇದ್ದರೂ ಆ ಸುಳ್ಳಿನ ಕೆಲಸ ಆಗತಿತ್ತು. ನಾಕನೇ ದಿನ ಅಕಾಯಿ ಹೊದ್ದ ಅರಬಿಯ ಚುಂಗಿನಾಗ ಏನೋ ಕಟಗೊಂಡು ಬಂದಳು. ಅರ್ಧ ಕಿಲೋ ಸಕ್ಕರಿ. ಪ್ಯಾಟಿಯಾಗ ಬೆಲ್ಲ ಸಿಗಲಿಲ್ಲ, ನಿನ್ನ ಮಂದಿಗಿ ಇದನ್ನೇ ಕೊಡು, ಬಿಸಲಾಗ ಬಂದವರನ್ನ ಬರೇ ಬಾಯಿಲೆ ಕುಂದ್ರಸಬ್ಯಾಡ, ನೀನೇ ಹೇಳಿದ್ದೆಲ್ಲ ಅಂದಳು. ನೆಲಾ ಒರಸೂ ಪಗಾರದಾಗ ತಂದದ್ದು. ಸೋನಾಲಿ ಕೈಯೊಡ್ಡಿ ಇಸಗೊಂಡಳು, ಭಾಳ ಉಪಕಾರ ಆತು ಅಂದಳು, ರಾತ್ರಿ ಊಟದಾಗ ಗಂಗಾಳಕ್ಕ ಕೈ ಹಾಕಾಕ ಆಗದ ಹೊಟ್ಟಿ ನೋವು ಅಂತ ಎದ್ದಳು. ಅಕಾಯಿ ಅಕಿ ಬೆನ್ನು ತಿಕ್ಕಿದಳು. ಉಳಿದ ಎರಡು ತಿಂಗಳ ಹಿಂಗೇ ಹೋತು. ತಿರಗಿ ಬರೂ ದಿನ ಅಕಾಯಿ ಲಾರಿ ಹಿಂದ ಓಡಿ ಬಂದು, ಮತ್ತ ಬರತಿಯಲ್ಲ ಅಂತ ಕೇಳಿದ್ದಳು, ಬರತೀನಿ ಅಂತ ಇಕಿ ಕೂಗಿ ಹೇಳಿದ್ದಳು. ಆ ಮಾತು ಮಾತ್ರ ಎದಿಯಾಳದಿಂದ ಬಂದದ್ದು.

ಎರಡು ಗಂಟೇಕ್ಕ ಮುಚ್ಚಂಡಿಯಾಗ ತಪಾಸಣಿ ಮುಗೀತು. ಅಮೋಘಸಿದ್ದಪ್ಪ ಇನ್ನೂ ಕಂಬಕ್ಕ ಆನಿ ಕುಂತಿದ್ದ, ಬಿಸಲು ಇಳೀಲಿ ಅಂತ. ದಾಕ್ಷಾಯಣಿ ತನ್ನ ಬುತ್ತಿ ಬಿಚ್ಚಿ ಮುದುಕಗ ಒಂದು ರೊಟ್ಟಿ ಮ್ಯಾಲ ಪುಂಡಿಪಲ್ಯಾ ಹಾಕಿ ಕೊಟ್ಟು, ಆ ಕೊಟ್ಟ ಕೈನ ಒಮ್ಮೆ ತಿರವಿ ಮುರವಿ ನೋಡಿಕೊಂಡಳು. ಏನೂ ಆಗದ ಉಳದ ಕೈ. ಸಾಯೂತನಕ ನನ್ನ ಕೈನೇ ಪಾಪದ್ದು ಅನಕೋತಿದ್ದೆ, ಅಂದಿದ್ದಳು ಅಕಿ. ಅಂದಮ್ಯಾಲ ಅಲ್ಲಿ ಕೀನ್ಯಾದಾಗ ಒಬ್ಬಾಕಿ ದಿನಾ ಹೊತ್ತು ಹೊಂಟರ ಅದನ್ನೇ ಅನಕೋತಿದ್ದಾಳು, ಇಲ್ಲಿ ಇನ್ನೊಬ್ಬಾಕಿ ಅದರ ವಿದ್ಯಾ ಮಂದಿಗಿ ಕಲಿಸಿ ಶಾಣ್ಯಾಕಿ ಅನಿಸಿಕೊಳ್ಳತಿದ್ದಳು. ಸೋನಾಲಿಗಿ ತನ್ನ ಮ್ಯಾಲೇ ಹೇಸಿಕಿ ಬಂತು. ನಾಕು ಸಾಲಿನ ಪತ್ರ ತಗದು ನೋಡಿದಳು. ಇದನ್ನ ಕಳಿಸಿದರ ಡಾಕ್ಟರು ಓದಿ, ಗೆಳತಿ ಬರದಾಳ ಅಂತ ಬಾಜೂಕ ಇಡತಾರ. ಅಕಾಯಿ ನೆಲಾ ಒರಸತಾಳ. ತಾನು ಹೋಗಿ ಅದೇ ಒರಸಿದ ನೆಲದ ಮ್ಯಾಲ ನಡೀತಾಳ, ಅದೇ ಗಂಗಾಳದಾಗ ಉಣ್ಣತಾಳ. ಒಂದು ವರ್ಷ. ಬಯಕಿ ಅನ್ನೂದು ಎಂಥಾ ನಾಚಿಗಿಗೇಡಿ ನೋಡ್ರಿ, ಆ ಚಿತ್ರ ಕಣ್ಣ ಮುಂದ ಬಂದಾಗಲೂ ಅಕಿಗಿ ಮೊದಲು ಕಂಡದ್ದು ಗಂಗಾಳದ ಎದುರು ಕುಂತ ಅಕಾಯಿಯ ನಗೂ ಮಾರಿನೇ.

ಬೇವಿನ ಗಿಡದ ಬುಡಕ್ಕ ಹೋಗಿ ನಿಂತಳು. ಬರದರ ಮತ್ತ ಅಳಸತೀನಿ ಅಂತ ಗೊತ್ತಿತ್ತು, ಅದಕ್ಕ ಮೊಬೈಲಿನಾಗ ದನಿ ತುಂಬಿ ಕಳಸೂ ಗುಂಡಿ ಒತ್ತಿ ಹಿಡದಳು. ಅಲ್ಲಿಯ ಹರಕು ಇಂಗ್ಲಿಷು, ನಡುವ ನಡುವ ಅಕಾಯಿ ಕಲಿಸಿದ ಸ್ವಾಹಿಲಿ. ಡಾಕ್ಟರ, ಅವತ್ತ ಎಬೈ ಕೈಯಾಗ ಬೆಲ್ಲ ಇಟ್ಟಾಕಿ ನಾನು. ಅದರ ಅಂಟು ಬೆರಳ ಮ್ಯಾಲ ಇತ್ತು, ಮಷೀನು ತಪ್ಪು ತೋರಿಸಿತು. ಅಕಾಯಿ ನೀವು ಹೇಳಿದಷ್ಟೇ ಕೊಟ್ಟಾಳ. ನನಗ ಒಂಬತ್ತು ದಿನಕ್ಕ ಗೊತ್ತಾತು, ನನ್ನ ಹತ್ತು ಬೆರಳಿಗಿ ಚುಚ್ಚಿ ನೋಡೀನಿ. ಹೇಳಲಿಲ್ಲ. ಹೇಳಿದರ ನೀವು ನನ್ನ ತಿರಗಿ ಊರಿಗಿ ಕಳಸತೀರಿ ಅಂತ ಹೇಳಲಿಲ್ಲ. ದನಿ ನಡುಗಲಿಲ್ಲ, ಅದಕ್ಕೂ ಅಕಿಗಿ ಸಿಟ್ಟೇ ಬಂತು. ಇಷ್ಟು ಸರಳ ಇದ್ದದ್ದನ್ನ ಇಷ್ಟು ದಿನ ಹೊತ್ತೆನಲ್ಲ ಅಂತ. ಬೆರಳು ಬಿಟ್ಟಳು, ಹೋತು. ಅದನ್ನೇ ಅಕಾಯಿಗೂ ಕಳಿಸಿದಳು. ಅದಕ್ಕ ಮಾತ್ರ ಭಾಳ ಹೊತ್ತು ಹಿಡೀತು.

ಡಾಕ್ಟರ ಉತ್ತರ ಅರ್ಧ ತಾಸಿನಾಗ ಬಂತು. ಬುಕ್ಕಿನಾಗಿನ ಸಾಲು ಹೊಡದು ಹಾಕಿ ಸಹಿ ಮಾಡೀನಿ, ನರ್ಸಿಂಗ ಸಾಲಿಗಿ ಅಕಾಯಿ ಸಲುವಾಗಿ ಪತ್ರ ಬರದು ಅಕಿ ಕೈಯಾಗೇ ಕೊಟ್ಟೀನಿ, ಸಂಜಿಯೊಳಗ ಮುಟ್ಟತದ. ಮಷೀನು ನಂಬಿ ಫೋನಿನಾಗ ಔಷಧ ಹೇಳಿದಾಂವ ನಾನು, ನನ್ನ ಹೆಸರಿನ ಮುಂದೂ ಒಂದು ಸಾಲು ಬರದೀನಿ. ನಿನ್ನ ಬರೂ ವಿಚಾರ ಸದ್ಯಕ್ಕ ಬಿಡೋಣು. ಇಷ್ಟೇ ಇತ್ತು. ಒಂದು ಬಿರಸು ಮಾತಿಲ್ಲ. ಬಯ್ದಿದ್ದರ ಸಂಕಟ ಒಂದೀಟು ಕಡಿಮಿ ಆಗತಿತ್ತೋ ಏನೋ. ಸೋನಾಲಿ ಎರಡು ಸಲ ಓದಿದಳು. ಖೋಲಿಯ ಕಿಡಕಿ, ಆ ಹಳ್ಳ, ಉಸುಕಿನಾಗ ಬೊಗಸಿಲೆ ನೀರು ಎತ್ತೂ ಹೆಣ್ಣಮಕ್ಕಳು, ಎಲ್ಲಾ ಇದ್ದಲ್ಲೇ ಇದ್ದವು, ಇನ್ನ ತನ್ನ ಪಾಲಿಗಿ ಇರಲಿಲ್ಲ. ಎಸ್.ಟಿ. ಬರಾಕ ಇನ್ನೂ ಮುಕ್ಕಾಲು ತಾಸು ಇತ್ತು. ಸ್ಟ್ಯಾಂಡಿನ ಕಲ್ಲಿನ ಮ್ಯಾಲ ಕುಂತು ಮೊಬೈಲು ತೊಡಿ ಮ್ಯಾಲ ಇಟಗೊಂಡಳು. ಅಕಾಯಿ ಕೇಳಿದ್ದಳು, ಎರಡು ನೀಲಿ ಗೆರಿ ಬಂದಿದ್ದವು. ಉತ್ತರ ಇರಲಿಲ್ಲ.

ಕುಣಿಕೋಣೂರಿನ ಬಸ್ಸು ಬಂತು, ಹತ್ತಿದಳು. ಬಾಜೂಕ ಕುಂತಾಕಿ ಒಬ್ಬಾಕಿ ಯಾವೂರವ್ವ, ಯಾರ ಮಗಳು ಅಂತ ಸುರು ಮಾಡಿದ್ದಳು. ಹೂಂ, ಹೂಂ ಅಂತ ಇದ್ದಾಗ ಮೊಬೈಲು ನಡುಗಿತು. ಫೋನು ಬಂದಿತ್ತು. ಕಿವಿಗಿ ಇಟಗೊಂಡರ ಮೊದಲು ಬರೇ ಗಾಳಿ ಸಪ್ಪಳ, ಆಡಿನ ಗಂಟಿ. ಆಮ್ಯಾಲ ಅಕಾಯಿ ದನಿ. ಅಕಿ ಅಳತಿರಲಿಲ್ಲ. ಪತ್ರ ಕೊಟ್ಟು ಬಂದೆ, ಇಸಗೊಂಡರು ಅಂದಳು. ಸೋನಾಲಿ ತಪ್ಪಾತು ಅನ್ನಾಕ ಹೋದಳು, ಅಕಾಯಿ ತಡದಳು, ನಾ ಹೇಳೂದು ಮುಗೀಲಿ ಅಂದಳು. ಮಾತು ಸಾವಕಾಶ ಬಂತು, ಒಂದೊಂದು ಹೆಕ್ಕಿ ಇಟ್ಟಂಗ. ಸೋನಾಲಿ ಊರಿಗಿ ಬಂದಾಗಿಂದ ಈ ಎರಡು ವರ್ಷ ಪ್ರತಿ ಐತವಾರ ಅಕಿ ಎಬೈ ಮನಿಗಿ ಹೋಗತಾಳ. ಮೊದಲ ಹೋಗಾಕ ಒಂದು ದಿನ, ಬರಾಕ ಒಂದು ದಿನ ಆಗತಿತ್ತು, ಆಮ್ಯಾಲ ಆ ಮುದುಕರು ಹಳ್ಳದ ದಂಡಿಗಿ ಬಂದು ಗುಡಿಸಲಾ ಹಾಕಿದರು, ಈಗ ಎರಡು ತಾಸಿನ ದಾರಿ. ಮುದುಕಿಗಿ ಇನ್ನ ವರತಿ ತೋಡೂ ಶಕ್ತಿ ಇಲ್ಲ. ಅಕಾಯಿ ಉಸುಕು ತೋಡಿ, ವಾರಕ್ಕ ಆಗೂವಷ್ಟು ನೀರು ತುಂಬಿ ಇಡತಾಳ. ನನ್ನ ಕೈಲೆ ಆದದ್ದು, ನನ್ನ ಕೈಲೇ ತೀರಸತೀನಿ ಅಂತ ಮೊದಲನೇ ದಿನ ಮುದುಕಿಗಿ ಹೇಳಿದ್ದಳಂತ. ಮುದುಕಿ ನೀರು ಬ್ಯಾಡ ಅಂದಿಲ್ಲ. ಆದರ ಎರಡು ವರ್ಷದಾಗ ಒಂದು ದಿನಾನೂ ಒಳಗ ಬಾ ಅಂದಿಲ್ಲ, ಮಾರಿ ಎತ್ತಿ ನೋಡಿಲ್ಲ. ಕೊಡ ಹೊರಗ ಇಡತಾಳ, ತುಂಬಿದ ಮ್ಯಾಲ ಒಳಗ ಒಯ್ಯತಾಳ.

ಬಾಜೂಕಿನ ಹೆಂಗಸು ಸೋನಾಲಿ ಮಾರಿ ನೋಡಿ ಕಿಡಕಿ ಕಡಿ ತಿರಗಿ ಕುಂತಳು. ಫೋನಿನಾಗ ಮತ್ತ ಗಾಳಿ.

“ನಾಳಿ ಐತವಾರ,” ಅಂದಳು ಅಕಾಯಿ. “ನಾ ಹೋಗತೀನಿ, ಮುದುಕಿ ದಾರಿ ಕಾಯತಾಳ, ನೀರು ತುಂಬೂದು ಬಿಡಾಕ ಬರೂದಿಲ್ಲ. ಆದರ ಅಕಿಗಿ ನಿನ್ನ ಹೆಸರು ಹೇಳಲೇನು?”

ಸೋನಾಲಿ ಬಾಯಿ ತಗದಳು. ನಾ ಬರತೀನಿ, ನಾನೇ ಬಂದು ಹೇಳತೀನಿ, ನೀರು ನಾ ತುಂಬತೀನಿ, ಇದು ನಾಲಿಗಿ ತುದಿ ತನಕ ಬಂದು ನಿಂತಿತು. ಆ ಮಾತು ಆಡೂ ಹಕ್ಕು ಇವತ್ತ ಮುಂಜಾನಿ ತನಕ ಇತ್ತು, ಈಗ ಇರಲಿಲ್ಲ. ಆ ಬಯಲಿನಾಗ ಇನ್ನೂ ಮಂದಿ ತನ್ನ ನೆನಸತಾರ ಅಂತ ಡಾಕ್ಟರು ಬರದಿದ್ದರು. ನೆನಸತಿದ್ದರು, ಚಲೋ ಹೆಸರಿಲೆ. ಈ ಎರಡು ವರ್ಷ ಇಲ್ಲಿ ಮಂದಿ ಏನರ ಅಂದಾಗೆಲ್ಲಾ ಅದೊಂದನ್ನ ನೆನಿಸಿ ಅಕಿ ಮಲಗಿದ್ದಳು. ತಾನಂತೂ ಹೋಗೂವಂಗಿಲ್ಲ, ಇನ್ನ ಹೆಸರೊಂದು ಅಲ್ಲಿ ಉಳದದ್ದು, ಮುದುಕಿಗಿ ಹೇಳಿದರ ಅದೂ ಹೋಗತಿತ್ತು.

“ಹೇಳು,” ಅಂದಳು.